ಹಾಳೆ ತಿರುಗಿಸಲು ಒಂದಿಷ್ಟು ಜಾಗ

ಚಪ್ಪಾಳೆ ತಟ್ಟಿದ್ದು ನನ್ನ ತಪ್ಪಲ್ಲ. ಒಬ್ಬನೇ ತಟ್ಟಿದ್ದು ತಪ್ಪು. ಸಂಗೀತ ವಿದ್ಯಾಲಯದ ಸಭಾಂಗಣದಲ್ಲಿ ಆ ಸಂಜೆ ಇನ್ನೂರು ಜನರಾದರೂ ಇದ್ದರು. ವೇದಿಕೆಯ ಮೇಲೆ ಪಿಯಾನೋ ನುಡಿಯುತ್ತಿತ್ತು, ಇದ್ದಕ್ಕಿದ್ದಂತೆ ನಿಂತಿತು. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಸದ್ದಿಲ್ಲ. ನುಡಿಸಿದ್ದು ನನ್ನ ಸ್ವಂತ ಅಕ್ಕ ಬರೆದ ಸಂಗೀತ. ಮೊದಲ ಚಪ್ಪಾಳೆ ಒಡಹುಟ್ಟಿದವನದೇ ಆಗಬೇಕಲ್ಲವೇ? ತಟ್ಟಿದೆ. ಮೂರು ಸಲ ತಟ್ಟಿದ ಮೇಲೆ ಉಳಿದ ನೂರ ತೊಂಬತ್ತೊಂಬತ್ತು ಜನ ಸುಮ್ಮನಿರುವುದು ಗಮನಕ್ಕೆ ಬಂತು. ನಾಲ್ಕನೆಯದಕ್ಕೆ ಎತ್ತಿದ್ದ ಕೈಗಳನ್ನು ಏನು ಮಾಡಬೇಕೆಂದು ತೋಚದೆ, ಸೊಳ್ಳೆ ಹೊಡೆದವನಂತೆ ನಟಿಸಿ ಅಂಗೈ ನೋಡಿಕೊಂಡೆ. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ನನ್ನ ಅಂಗೈಯನ್ನೇ ನೋಡಿದರು. ಸೊಳ್ಳೆ ಇರಲಿಲ್ಲ.

ಅಷ್ಟರಲ್ಲಿ ಸಂಗೀತ ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಮತ್ತೆ ಶುರುವಾಯಿತು. ನಾನು ಕೈಗಳ ಮೇಲೆ ಕೂತುಬಿಟ್ಟೆ. ಕೊನೆಗೆ ನಿಜವಾಗಿ ಮುಗಿದು ಸಭೆಗೆ ಸಭೆಯೇ ಚಪ್ಪಾಳೆ ತಟ್ಟುವಾಗ ನಾನೊಬ್ಬ ಕಲ್ಲಿನಂತೆ ಕೂತಿದ್ದೆ.

“ಈಗ ತಟ್ರೀ, ಈಗ ಮುಗೀತು,” ಅಂತ ನನ್ನವಳು ತೊಡೆ ಚಿವುಟಿದಳು.

“ಗ್ಯಾರಂಟಿನಾ?” ಅಂದೆ.

ರಚಿಸಿದವರು ಎದ್ದು ನಿಲ್ಲಬೇಕು ಅಂತ ಮೈಕಿನಲ್ಲಿ ಕರೆದರು. ಜನರೆಲ್ಲ ಕತ್ತು ತಿರುಗಿಸಿ ಸಭಾಂಗಣದ ಮೂಲೆ ಮೂಲೆ ಹುಡುಕಿದರು. ಅಕ್ಕ ಅಲ್ಲೇ ವೇದಿಕೆಯ ಮೇಲೆ, ಪಿಯಾನೋದ ಎಡಗಡೆ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕಪ್ಪು ಬಟ್ಟೆಯಲ್ಲಿ ಕೂತಿದ್ದಳು. ಅಷ್ಟು ಹೊತ್ತೂ ಅಲ್ಲೇ ಇದ್ದಳು. ಯಾರೂ ನೋಡಿರಲಿಲ್ಲ. ಯಾರನ್ನೋ ಯಾಕೆ ದೂರಲಿ, ನಾನೂ ನೋಡಿರಲಿಲ್ಲ.

ಅದು ಅವಳ ಕಸುಬು. ಪಿಯಾನೋ ನುಡಿಸುವವರ ಎರಡು ಕೈಗೂ ಬಿಡುವಿರುವುದಿಲ್ಲ. ಎದುರಿಗಿಟ್ಟ ಸ್ವರಲಿಪಿಯ ಹಾಳೆ ತಿರುಗಿಸಲು ಪಕ್ಕದಲ್ಲೊಬ್ಬರು ಬೇಕು. ಹಗಲೆಲ್ಲ ವಿದ್ಯಾಲಯದ ಗ್ರಂಥಾಲಯದಲ್ಲಿ ಹರಿದ ಸ್ವರಲಿಪಿಗಳಿಗೆ ಅಂಟುಪಟ್ಟಿ ಹಚ್ಚುವುದು, ಸಂಜೆಯಾದರೆ ಕಪ್ಪು ಬಟ್ಟೆ ತೊಟ್ಟು ವೇದಿಕೆಯ ಮೇಲೆ ಹಾಳೆ ತಿರುಗಿಸುವುದು, ಹೀಗೆ ಇಪ್ಪತ್ತಾರು ವರ್ಷ. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಪುಟದಮ್ಮ’ ಅಂತ. ಕಾರ್ಯಕ್ರಮದ ಪಟ್ಟಿಯಲ್ಲಿ ಪಿಯಾನೋ ಬಾಡಿಗೆಗೆ ಕೊಟ್ಟ ಅಂಗಡಿಯ ಹೆಸರೂ ಇರುತ್ತಿತ್ತು, ಇವಳದಿಲ್ಲ. ಅವಳಿಗೆ ಅದರ ಕೊರಗೂ ಇರಲಿಲ್ಲ. “ತಿರುಗಿಸೋರು ಕಂಡ್ರು ಅಂದ್ರೆ ಏನೋ ಎಡವಟ್ಟಾಗಿದೆ ಅಂತ ಅರ್ಥ ಕಣೋ,” ಅನ್ನುತ್ತಿದ್ದಳು.

ಅಂಥವಳು ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಭಾನುವಾರ ನಮ್ಮೆಲ್ಲರ ಊಟದ ನಡುವೆ, ನೀರಿನ ಲೋಟ ಕೆಳಗಿಟ್ಟು, “ನಾನು ಸಂಗೀತ ಸಂಯೋಜನೆ ತರಗತಿಗೆ ಸೇರಿದೀನಿ. ನಾಲ್ಕು ವರ್ಷ,” ಅಂದಳು. ನನ್ನವಳು, “ಅತ್ತಿಗೆ, ಆ ತರಗತಿ ಗುಡಿಸೋ ಕೆಲಸಾನೂ ನಿಮಗೇ ಕೊಟ್ರಾ?” ಅಂದಳು. ಭಾವ ಲಿಫ್ಟ್ ರಿಪೇರಿಯವರು, ಏರಿಳಿತಗಳಿಗೆ ಅಷ್ಟಾಗಿ ಬೆದರದ ಮನುಷ್ಯ. ಅವರೂ ತಟ್ಟೆಯಿಂದ ಕೈ ತೆಗೆದು, “ರಾತ್ರಿ ಊಟ?” ಅಂತ ಕೇಳಿದರು.

“ಮಾಡ್ಕೊಳ್ಳಿ,” ಅಂದಳು ಅಕ್ಕ.

ವಿದ್ಯಾಲಯದಲ್ಲಿ ನೌಕರರಿಗೆ ಅಂತ ಒಂದು ಸೀಟು ಇತ್ತಂತೆ. ಅರ್ಧ ಶತಮಾನದಿಂದ ಅದನ್ನು ಯಾರೂ ಕೇಳಿರಲಿಲ್ಲ. ಷರತ್ತು ಒಂದೇ: ಸೇರುವುದು ಒಮ್ಮೆ, ಕೊನೆಯ ಪರೀಕ್ಷೆಗೆ ಕೂರುವುದೂ ಒಮ್ಮೆ. ನಪಾಸಾದರೆ ಮತ್ತೆ ಆ ಬಾಗಿಲು ತಟ್ಟುವಂತಿಲ್ಲ. ಮರುದಿನದಿಂದ ಬರೀ ಅಂಟುಪಟ್ಟಿ. ಉಳಿದ ಹುಡುಗ ಹುಡುಗಿಯರಿಗೆ ಮೂರು ಅವಕಾಶ, ಅಕ್ಕನಿಗೆ ಒಂದು.

ಅವಳ ಮನೆ ಅವತ್ತಿನಿಂದ ಮನೆಯಾಗಿ ಉಳಿಯಲಿಲ್ಲ. ಊಟದ ಮೇಜಿನ ಅರ್ಧ ಭಾಗ ಐದೈದು ಗೆರೆಗಳ ಸ್ವರಲಿಪಿ ಹಾಳೆಗಳ ಪಾಲಾಯಿತು. ಫ್ರಿಜ್ಜಿನ ಗುಂಯ್‌ಗುಡುವಿಕೆ ಯಾವ ಎರಡು ಸ್ವರಗಳ ನಡುವೆ ಇದೆ ಅಂತ ಅವಳು ನಿಂತು ಕೇಳುತ್ತಿದ್ದಳು. ಒಮ್ಮೆ ಭಾವ ಪುಣ್ಯ ಕಟ್ಟಿಕೊಳ್ಳಲು ಹೋಗಿ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟರು. ಅಕ್ಕ ಬಂದವಳೇ ಬಾಗಿಲು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. “ಯಾರ್ರೀ ನಿಮಗೆ ಹೇಳಿದ್ದು? ಮೂರು ದಿನದಿಂದ ಅದನ್ನ ಬರ್ಕೋತಾ ಇದ್ದೆ!” ಭಾವ ಆ ರಾತ್ರಿ ಊಟ ತಾವೇ ಮಾಡಿಕೊಂಡರು.

ಇಷ್ಟು ಹಿನ್ನೆಲೆ ಹೇಳಿದ ಮೇಲೆ ಚಪ್ಪಾಳೆಗೆ ವಾಪಸ್ಸು ಬರುತ್ತೇನೆ. ಅದು ಅಕ್ಕನ ಮೂರನೆಯ ವರ್ಷ. ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ನಾನು ತಲೆ ತಗ್ಗಿಸಿ, “ಅಕ್ಕಾ, ಅದೇನು ಹಾಗೆ ನಿಲ್ಲಿಸಿ ನಿಲ್ಲಿಸಿ ಬರ್ದಿದೀಯ? ದೊಡ್ಡ ಅರ್ಥ ಏನಾದ್ರೂ ಇದೆಯಾ?” ಅಂತ ಕೇಳಿದೆ.

“ಹಾಳೆ ತಿರುಗಿಸೋಕೆ ಜಾಗ ಬೇಡ್ವಾ?”

ಅವಳು ಪರ್ಸಿನಲ್ಲಿ ಬೀಗದ ಕೈ ಹುಡುಕುತ್ತಾ ಹೇಳಿದಳು: “ಇಪ್ಪತ್ತೈದು ವರ್ಷದಿಂದ ನೋಡ್ತಾ ಇದೀನಿ. ಎಷ್ಟು ದೊಡ್ಡ ದೊಡ್ಡೋರು ಬರ್ದಿದ್ರೂ ಅಷ್ಟೆ. ಬಲಗಡೆ ಪುಟದ ಕೊನೇ ಸಾಲಿಗೇ ಇಡೀ ಬಿರುಗಾಳಿ ತಂದು ಸುರೀತಾರೆ. ನುಡಿಸೋರು ಬೆವರ್ತಾರೆ, ನಾನು ಅರ್ಧ ನಿಂತು ಅರ್ಧ ಕೂತು ಒದ್ದಾಡ್ತೀನಿ. ಪಕ್ಕದಲ್ಲಿ ಒಬ್ಬಳು ಕೂತಿರ್ತಾಳೆ ಅನ್ನೋ ಯೋಚನೆ ಬರೆಯೋ ಒಬ್ಬರಿಗೂ ಬರಲ್ಲ. ನಾನು ಬರೆದ್ರೆ ಪುಟದ ಕೊನೇಲಿ ನಾಲ್ಕು ಎಣಿಸೋವಷ್ಟು ಜಾಗ ಬಿಡ್ತೀನಿ ಅಂತ ಆವಾಗ್ಲೇ ಅನ್ಕೊಂಡಿದ್ದೆ.”

ವಿಷಯ ಇಷ್ಟೇ. ಆದರೆ ಅಕ್ಕನಿಗೆ ಪಾಠ ಹೇಳುವ ಮೇಷ್ಟ್ರಿಗೆ ಈ ವಿಷಯ ಗೊತ್ತಿರಲಿಲ್ಲ. ಮೇಷ್ಟ್ರು ಅಂದರೆ ಅಕ್ಕನಿಗಿಂತ ಹದಿನಾರು ವರ್ಷ ಚಿಕ್ಕವರು, ಒಳ್ಳೆಯವರು, ಸೆಖೆಯಲ್ಲೂ ಕತ್ತಿಗೆ ಶಾಲು ಸುತ್ತಿಕೊಳ್ಳುವವರು. ಕೊನೆಯ ವರ್ಷದ ನಡುವೆ ಒಂದು ದಿನ ವಿಚಾರ ಸಂಕಿರಣದ ದಪ್ಪ ಸಂಪುಟವೊಂದು ನಂಬರು ಹಚ್ಚಿಸಿಕೊಳ್ಳಲು ಗ್ರಂಥಾಲಯದ ಮೇಜಿಗೆ, ಅಂದರೆ ಅಕ್ಕನ ಕೈಗೇ, ಬಂತು. ತೆರೆದರೆ ಮೇಷ್ಟ್ರ ಪ್ರಬಂಧ: ‘ಮೌನದ ಬಾಗಿಲುಗಳು’. ಅದೆಲ್ಲ ಅಕ್ಕನ ಸಂಗೀತದ ಮೇಲೆ. ಅವಳು ಅದನ್ನು ನಮ್ಮ ಮನೆಗೆ ತಂದು ಮೇಜಿನ ಮೇಲೆ ಹಾವು ಇಟ್ಟಂತೆ ಇಟ್ಟಳು. ಮುಖ ಬಿಳಿಚಿಕೊಂಡಿತ್ತು.

“ನನ್ನ ಹೆಸರು ಹದಿನಾಲ್ಕು ಸಲ ಇದೆ. ಶೂನ್ಯ ಅನ್ನೋ ಮಾತು ನಲವತ್ತು ಸಲ. ಹಾಳೆ ಅಂತ ಒಂದ್ಸಲಾನೂ ಇಲ್ಲ. ಏನೋ ಇದು?”

ಓದಿದೆ. ಅಕ್ಕನ ಮೌನಗಳು ಆಧುನಿಕ ಮನುಷ್ಯನ ಎದೆಯ ಬಿರುಕುಗಳಂತೆ. ಒಂಬತ್ತನೆಯ ಪುಟದ ಅಡಿಟಿಪ್ಪಣಿಯಲ್ಲಿ ನಾನೂ ಇದ್ದೆ: “ಪ್ರಯೋಗದ ವೇಳೆ ಕೇಳುಗನೊಬ್ಬ ಈ ಮೌನದ ಭೀತಿಯನ್ನು ತಾಳಲಾರದೆ ಚಪ್ಪಾಳೆಯಲ್ಲಿ ಆಶ್ರಯ ಪಡೆದದ್ದು ಗಮನಾರ್ಹ.” ಮೂವತ್ತು ವರ್ಷದಿಂದ ವಾರಪತ್ರಿಕೆಗಳಿಗೆ ನಗೆಬರಹ ಬರೆಯುತ್ತಿದ್ದೇನೆ, ಒಬ್ಬ ವಿದ್ವಾಂಸನೂ ನನ್ನನ್ನು ಗಮನಿಸಿರಲಿಲ್ಲ. ಸೊಳ್ಳೆಯಿಂದಾಗಿ ಅಡಿಟಿಪ್ಪಣಿಗೆ ಏರಿದ್ದೆ.

“ಹೇಳ್ಬಿಡು ಮೇಷ್ಟ್ರಿಗೆ,” ಅಂದೆ.

“ಹೇಳೋಕೆ ಹೋದೆ. ‘ನೀವು ಮಾತಾಡ್ಬೇಡಿ, ನಿಮ್ಮ ಮೌನ ಮಾತಾಡುತ್ತೆ’ ಅಂದ್ರು. ಪರೀಕ್ಷಕರು ಕೇಳಿದ್ರೆ ಹೇಳೋಕೆ ಅಂತ ಒಂದು ವಾಕ್ಯ ಬರ್ಕೊಟ್ಟಿದಾರೆ. ಬಾಯಿಪಾಠ ಮಾಡ್ಬೇಕಂತೆ.” ಚೀಟಿ ತೋರಿಸಿದಳು. ವಾಕ್ಯ ನಾಲ್ಕು ಸಾಲಿನದು. ಕ್ರಿಯಾಪದ ಕೊನೆಯವರೆಗೂ ಸಿಗಲಿಲ್ಲ.

ಪರೀಕ್ಷೆಗೆ ಅವಳು ಬರೆದದ್ದು ಹದಿನೈದು ಪುಟದ ಪಿಯಾನೋ ಕೃತಿ, ಹಾಳೆ ತಿರುಗುವುದು ಏಳು ಸಲ, ಹಾಗಾಗಿ ಏಳು ಮೌನ. ಕೃತಿ ಹತ್ತು ನಿಮಿಷಕ್ಕೆ ಕಡಿಮೆ ಇರಬಾರದೆಂಬ ನಿಯಮ. ಅಕ್ಕನದು ಹತ್ತು ನಿಮಿಷ ನಲವತ್ತು ಸೆಕೆಂಡು. ನುಡಿಸಲು ಒಪ್ಪಿದವಳು ಕೊನೆಯ ವರ್ಷದ ಜಾಣ ಹುಡುಗಿ. ಒಂದು ವಾರ ಮುಂಚೆ ಅಭ್ಯಾಸಕ್ಕೆ ಅಂತ ಹೋದರೆ ಪಿಯಾನೋದ ಮೇಲೆ ಹಾಳೆಯೇ ಇಲ್ಲ. ಅವಳು ಎಲ್ಲವನ್ನೂ ಟ್ಯಾಬಿಗೆ ಹಾಕಿಕೊಂಡಿದ್ದಳು. ಕಾಲ ಕೆಳಗೆ ಒಂದು ಸಣ್ಣ ಪೆಡಲು. ಟಪ್ ಅಂತ ಒತ್ತಿದರೆ ಪುಟ ತಾನೇ ಬದಲಾಗುತ್ತದೆ.

“ಈಗ ಎಲ್ರೂ ಹೀಗೇ ಆಂಟಿ,” ಅಂದಳು ಹುಡುಗಿ ಪ್ರೀತಿಯಿಂದ. “ನೀವು ಆರಾಮಾಗಿ ಕೂತು ಕೇಳಿ.”

ಅಕ್ಕ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆರಾಮಾಗಿ ಕೂತು ಕೇಳಿದಳು. ಪಕ್ಕದಲ್ಲಿ ನಾನಿದ್ದೆ. ಮೊದಲ ಮೌನ ಬಂತು. ಟಪ್. ಆಮೇಲೆ ಏನೂ ಇಲ್ಲ. ಸ್ಟೂಲು ಕಿರುಗುಟ್ಟಲಿಲ್ಲ, ಬಟ್ಟೆ ಸರಿಯಲಿಲ್ಲ, ಕಾಗದ ಉಸಿರಾಡಲಿಲ್ಲ. ಹುಡುಗಿ ಕೈ ಕಟ್ಟಿಕೊಂಡು ಬಸ್ಸಿಗೆ ಕಾಯುವವಳಂತೆ ನಾಲ್ಕು ಎಣಿಸಿದಳು. ನಾನು ಅಕ್ಕನ ಮುಖ ನೋಡಿ ಗಾಬರಿಯಾದೆ. ತನ್ನ ಮನೆಗೆ ಬಂದು ನೋಡಿದರೆ ಒಳಗೆ ಸಾಮಾನೇ ಇಲ್ಲ ಎಂಬಂಥ ಮುಖ.

“ಇದು ನಾನು ಬರೆದದ್ದಲ್ಲ,” ಅಂದಳು ಮೆಲ್ಲಗೆ. “ಮೇಷ್ಟ್ರು ಬರೆದದ್ದು.”

ಕಾಗದದಲ್ಲೇ ಆಗಬೇಕು ಅಂತ ಹಟ ಹಿಡಿದಳು. ಹುಡುಗಿ ಪಾಪ ಒಪ್ಪಿದಳು. ಆದರೆ ತಿರುಗಿಸುವವರು ಯಾರು? ಪರೀಕ್ಷೆಯಲ್ಲಿ ರಚಿಸಿದವರು ಪರೀಕ್ಷಕರ ಎದುರಿನ ಮೇಜಿಗೆ ಕೂರುವುದು ಪದ್ಧತಿ, ವಾದ್ಯ ಮುಟ್ಟುವಂತಿಲ್ಲ. ಇಡೀ ವಿದ್ಯಾಲಯದಲ್ಲಿ ಪುಟದಮ್ಮನನ್ನು ಬಿಟ್ಟರೆ ಆ ಕಸುಬು ಬಲ್ಲವರೇ ಇರಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

“ಅಕ್ಕಾ, ನನಗೆ ಒಂದು ಸ್ವರ ಓದೋಕೆ ಬರಲ್ಲ!”

“ಓದೋದು ಬೇಡ. ಸದ್ದು ನಿಂತಾಗ ತಿರುಗಿಸು. ನೀನು ಅವತ್ತು ಚಪ್ಪಾಳೆ ತಟ್ಟಿದೆಯಲ್ಲ, ಅಲ್ಲೇ. ಇಡೀ ಸಭೇಲಿ ಸರಿಯಾದ ಜಾಗಕ್ಕೆ ಕೈ ಎತ್ತಿದೋನು ನೀನೊಬ್ಬನೇ ಕಣೋ.”

ಜೀವಮಾನದಲ್ಲಿ ಅಕ್ಕ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಉಬ್ಬಿಹೋದೆ. ಐದು ದಿನ ಅವಳ ಊಟದ ಮೇಜಿನ ಪಕ್ಕ ತರಬೇತಿ ನಡೆಯಿತು. ಕೊನೆಯ ಸಾಲು ಬರುವಾಗ ಏಳಬೇಕು. ಎಡಗೈಯಲ್ಲಿ ಹಾಳೆಯ ಮೇಲಿನ ತುದಿ ಹಿಡಿಯಬೇಕು, ತೋಳು ನುಡಿಸುವವರ ಕಣ್ಣಿಗೆ ಅಡ್ಡ ಬರಬಾರದು. ಬೆರಳಿಗೆ ಎಂಜಲು ಹಚ್ಚಿದರೆ ಕೊಂದುಹಾಕುತ್ತೇನೆ ಅಂದಳು. ಹಿಂದಿನ ದಿನ ಪ್ರತಿ ಹಾಳೆಯ ಕಿವಿಯನ್ನು, ಅಂದರೆ ಮೂಲೆಯನ್ನು, ಒಂದೊಂದಾಗಿ ಸ್ವಲ್ಪ ಮಡಚಿಡಬೇಕು, ಆಗ ಬೆರಳಿಗೆ ಒಂದೇ ಸಿಗುತ್ತದೆ. “ಒಂದೊಂದಾಗಿ,” ಅಂತ ಮೂರು ಸಲ ಹೇಳಿದಳು. ಭಾವ ಪಿಯಾನೋ ಹುಡುಗಿಯ ಪಾತ್ರ ವಹಿಸಿ ಮೇಜಿನ ಅಂಚನ್ನು ಕುಟ್ಟುತ್ತಾ, ‘ತಿರುಗಿಸು’ ಅನ್ನುವ ಸನ್ನೆಗೆ ನುಡಿಸುವವರು ಮಾಡುವಂತೆ ತಲೆಯಾಡಿಸಿದರು.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಕೊಠಡಿ ಸಣ್ಣದು: ಒಂದು ಪಿಯಾನೋ, ಮೂರು ಕುರ್ಚಿಯ ಉದ್ದ ಮೇಜು, ಅದರೆದುರು ಅಕ್ಕನಿಗೊಂದು ಪುಟ್ಟ ಮೇಜು, ಗೋಡೆಗೆ ಒರಗಿ ಮೇಷ್ಟ್ರು ಮತ್ತು ಅವರ ಶಾಲು. ಪರೀಕ್ಷಕರು ಮೂವರು. ಅಧ್ಯಕ್ಷರ ಮುಂದೆ ಸ್ಟಾಪ್‌ವಾಚು. ಅವರ ಪಕ್ಕ ಹೊರಗಿನಿಂದ ಬಂದ ಹಿರಿಯ ಪಿಯಾನೋ ವಾದಕಿ. ಮೂರನೆಯವರಿಗೆ ನೆಗಡಿ. ಮೂವರ ಕೈಯಲ್ಲೂ ಕೃತಿಯ ಒಂದೊಂದು ಪ್ರತಿ.

ನಾನು ಕಪ್ಪು ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತೆ. ಮೊದಲ ಮೌನ. ಎದ್ದೆ, ತಿರುಗಿಸಿದೆ, ಕೂತೆ. ಯಾರೂ ನನ್ನನ್ನು ನೋಡಲಿಲ್ಲ. ಎರಡನೆಯದು, ಮೂರನೆಯದು. ಆಹಾ, ಕಾಣದಿರುವುದೂ ಒಂದು ಸುಖ ಅಂದುಕೊಂಡೆ. ನಾಲ್ಕನೆಯ ಮೌನ: ಎದ್ದೆ, ತಿರುಗಿಸಿದೆ, ಕೂತೆ.

ಹುಡುಗಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಕೈ ನಿಲ್ಲಿಸಲಿಲ್ಲ, ಪರೀಕ್ಷೆಯಲ್ಲಿ ನಿಲ್ಲಿಸುವುದುಂಟೇ? ಎದುರಿಗೆ ಏನಿತ್ತೋ ಅದನ್ನೇ ನುಡಿಸಿದಳು. ಪುಟದ ನೆತ್ತಿಯ ಮೇಲೆ ಹತ್ತು ಅಂತ ಬರೆದಿತ್ತು. ಹಿಂದಿನದು ಏಳು. ಹಿಂದಿನ ದಿನ ಕಿವಿ ಮಡಚುವಾಗ ಅವಸರಕ್ಕೆ ಎರಡು ಹಾಳೆ ಒಟ್ಟಿಗೆ ಹಿಡಿದು ಮಡಚಿದ್ದೆ. ಅವು ಒಂದರೊಳಗೊಂದು ಕಚ್ಚಿಕೊಂಡಿದ್ದವು. ಎಂಟು, ಒಂಬತ್ತನೆಯ ಪುಟಗಳು ಅಕ್ಕನ ಸಂಗೀತದಿಂದ ಮಾಯವಾಗಿದ್ದವು. ಅತ್ತ ಮೂವರು ಪರೀಕ್ಷಕರೂ ಕಳೆದುಹೋದ ಚಪ್ಪಲಿ ಹುಡುಕುವವರಂತೆ ತಮ್ಮ ಪ್ರತಿಗಳನ್ನು ಹಿಂದೆ ಮುಂದೆ ತಿರುವಿಹಾಕುತ್ತಿದ್ದರು.

ಅಕ್ಕ ಮಾತ್ರ ಅಲುಗಲಿಲ್ಲ. ಅವಳ ಎಡಗೈ ಮೇಜಿನ ಮೇಲೆ ಅರ್ಧ ಎದ್ದು ನಿಂತಿತ್ತು. ಇಪ್ಪತ್ತಾರು ವರ್ಷದ ಮೊದಲ ತಪ್ಪು ತಿರುವು, ಅದೂ ಅವಳದೇ ಕೃತಿಯಲ್ಲಿ, ಅವಳ ತಮ್ಮನ ಕೈಯಲ್ಲಿ.

ಸಂಗೀತ ಮುಗಿಯಿತು. ಅಧ್ಯಕ್ಷರು ಗಡಿಯಾರ ಒತ್ತಿದರು. “ಒಂಬತ್ತು ನಿಮಿಷ ಹತ್ತು ಸೆಕೆಂಡು. ಹತ್ತಕ್ಕೆ ಕಡಿಮೆ ಆದರೆ ನಾವು ಅಂಕ ಕೊಡೋ ಹಾಗಿಲ್ಲ. ಎಂಟು, ಒಂಬತ್ತನೇ ಪುಟ ಎಲ್ಲಿ ಹೋದವು?”

ಗೋಡೆಗೆ ಒರಗಿದ್ದ ಮೇಷ್ಟ್ರು ಮುಂದೆ ಬಂದರು. ಅವರ ಮುಖವೂ ಬೆಳ್ಳಗಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು. “ಕ್ಷಮಿಸಿ. ಇದು ಉದ್ದೇಶಪೂರ್ವಕ. ಎರಡು ಪುಟವೇ ಇಲ್ಲಿ ಮೌನವಾಗಿವೆ. ಆ ಒಂದೂವರೆ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಪ್ರಬಂಧದಲ್ಲಿ…”

ಅಧ್ಯಕ್ಷರ ಹುಬ್ಬು ಸಡಿಲವಾಯಿತು. ನೆಗಡಿಯವರು ತಲೆಯಾಡಿಸಿ ಏನೋ ಬರೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಹೂಂ ಅನ್ನು ಅಕ್ಕಾ, ನಿನ್ನ ದಮ್ಮಯ್ಯ, ಒಂದೇ ಒಂದು ಹೂಂ!

“ಹೌದೇನಮ್ಮಾ?” ಅಂದರು ಅಧ್ಯಕ್ಷರು.

“ಇಲ್ಲ ಸಾರ್. ತಪ್ಪು. ಕಿವಿ ಸರಿಯಾಗಿ ಮಡಚಿಲ್ಲ, ಎರಡು ಹಾಳೆ ಒಟ್ಟಿಗೆ ತಿರುಗಿದೆ.”

ಮೇಷ್ಟ್ರು ನಿಂತಲ್ಲೇ ಒಂದು ಗೇಣು ಕುಗ್ಗಿದರು. ಅಧ್ಯಕ್ಷರು ಕನ್ನಡಕ ತೆಗೆದರು. “ಹಾಗಾದರೆ ಉಳಿದ ಮೌನಗಳು? ಅವುಗಳ ಅರ್ಥ?”

ಅಕ್ಕ ಮೇಷ್ಟ್ರ ಕಡೆ ಒಮ್ಮೆ ನೋಡಿದಳು. ಚೀಟಿ ಅವಳ ಮುಂದೆಯೇ ಇತ್ತು. ಅದನ್ನು ಮಡಚಿ ಪಕ್ಕಕ್ಕಿಟ್ಟಳು.

“ಹಾಳೆ ತಿರುಗಿಸೋಕೆ ಸಾರ್.”

ನೆಗಡಿಯವರು ಸೀನು ಬಂದರೂ ತಡೆಹಿಡಿದರು. ಆಗ ಹಿರಿಯ ವಾದಕಿ ಮುಂದಕ್ಕೆ ಬಾಗಿ ಅಕ್ಕನನ್ನು ದಿಟ್ಟಿಸಿ ನೋಡಿದರು. “ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ನನಗೆ ಯಾವಾಗ್ಲಾದ್ರೂ ಹಾಳೆ ತಿರುಗಿಸಿದ್ರಾ?”

“ಮೂರು ಸಲ ಮೇಡಂ. ಎರಡನೇ ಸಲ ನೀವು ತಲೆಯಾಡಿಸೋದು ಮರೆತಿದ್ರಿ.”

ವಾದಕಿ ಕುರ್ಚಿಗೆ ಒರಗಿದರು. ಮೂರು ಕಾರ್ಯಕ್ರಮಗಳಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದವಳ ಮುಖ ತಮಗೆ ನೆನಪಿಲ್ಲ ಅನ್ನುವುದು ಅವರಿಗೆ ಆಗಷ್ಟೇ ತಟ್ಟಿದಂತಿತ್ತು. ಆಮೇಲೆ ಅಧ್ಯಕ್ಷರತ್ತ ತಿರುಗಿ, “ನುಡಿಸುವಾಗ ತಂತಿ ಹರಿದರೆ ಮತ್ತೊಮ್ಮೆ ನುಡಿಸಬಹುದು ಅಂತ ನಿಯಮ ಇದೆಯಲ್ಲವಾ?” ಅಂದರು.

“ತಂತಿ ಹರಿದಿಲ್ಲ,” ಅಂದರು ಅಧ್ಯಕ್ಷರು ನನ್ನ ಕಡೆ ನೋಡಿ.

“ಉಪಕರಣದ ದೋಷ ಅಂತ ಬರೆದಿದೆ. ಇವರನ್ನೂ ಉಪಕರಣಕ್ಕೆ ಸೇರಿಸಿ. ಬೇಕಂತ ಬಿಟ್ಟಿದ್ರೆ ನಾವು ಏನೂ ಮಾಡೋ ಹಾಗಿರಲಿಲ್ಲ. ತಪ್ಪು ಅಂತ ಅವರೇ ಹೇಳ್ತಿದಾರಲ್ಲ.”

ಮನುಷ್ಯರ ಪಟ್ಟಿಯಿಂದ ಹೀಗೆ ನನ್ನನ್ನು ತೆಗೆದುಹಾಕಲಾಯಿತು. ನಾನು ತಕರಾರು ಮಾಡಲಿಲ್ಲ. ಅಧ್ಯಕ್ಷರು ನಿಯಮದ ಪುಸ್ತಕ ತರಿಸಿ ಎರಡು ಸಲ ಓದಿದರು. ರಚಿಸಿದವರು ವಾದ್ಯ ಮುಟ್ಟಬಾರದು ಅಂತಿತ್ತು. ಹಾಳೆ ಮುಟ್ಟಬಾರದು ಅಂತಿರಲಿಲ್ಲ. ಅಕ್ಕ ಎದ್ದು ಬಂದಳು. ನನ್ನನ್ನು ಸ್ಟೂಲಿನಿಂದ ಎಬ್ಬಿಸಿದಳು, ಕಚ್ಚಿಕೊಂಡಿದ್ದ ಕಿವಿಗಳನ್ನು ಬಿಡಿಸಿ ಒಂದೊಂದಾಗಿ ಮಡಚಿದಳು, ಕೂತಳು. ಕೂತ ಕೂಡಲೇ ಮಾಯವಾದಳು.

ಹುಡುಗಿ ಮೊದಲಿನಿಂದ ನುಡಿಸಿದಳು. ಸಂಗೀತ ಚೆನ್ನಾಗಿತ್ತೋ ಇಲ್ಲವೋ ನನ್ನಂಥವನು ಹೇಳಬಾರದು. ನಡುವೆ ಎಲ್ಲೋ ಆ ಬಾಗಿಲು ಕಿರುಗುಟ್ಟಿದ ಹಾಗೆ ಕೇಳಿಸಿ ಭಾವನ ನೆನಪಾಯಿತು. ಅದು ಎಂಟನೆಯ ಪುಟ. ನಾನು ನುಂಗಿಹಾಕಿದ್ದು ಅದನ್ನೇ. ಆದರೆ ಮೌನಗಳನ್ನು ಮಾತ್ರ ನಾನು ಆಗಲೇ ಕೇಳಿಸಿಕೊಂಡದ್ದು. ಸದ್ದು ನಿಲ್ಲುತ್ತಿತ್ತು, ಸ್ಟೂಲು ಕಿರ್ ಅನ್ನುತ್ತಿತ್ತು, ಬಟ್ಟೆ ಸರಿಯುತ್ತಿತ್ತು. ಅಕ್ಕನ ಹಾಳೆಯ ಜೊತೆಗೆ ಪರೀಕ್ಷಕರ ಕೈಯ ಮೂರು ಪ್ರತಿಗಳೂ ಒಂದೇ ಉಸಿರಿಗೆ ತಿರುಗುತ್ತಿದ್ದವು. ನಾಲ್ಕು ಹಾಳೆಗಳ ಸದ್ದು. ಆಮೇಲೆ ಪಿಯಾನೋ ಅದನ್ನೇ ಕೇಳಿಸಿಕೊಂಡು ಹೊರಟ ಹಾಗೆ ಶುರುವಾಗುತ್ತಿತ್ತು. ಗೋಡೆಯ ಬಳಿ ಮೇಷ್ಟ್ರು ಬಾಯಿ ತೆರೆದು ನಿಂತಿದ್ದರು. ಐದನೆಯ ಮೌನದ ಹೊತ್ತಿಗೆ ಜೇಬಿನಿಂದ ಪುಸ್ತಕ ತೆಗೆದು ಏನೋ ಗೀಚತೊಡಗಿದರು. ಇನ್ನೊಂದು ಪ್ರಬಂಧ ಗ್ಯಾರಂಟಿ.

ಹತ್ತು ನಿಮಿಷ ನಲವತ್ತೆರಡು ಸೆಕೆಂಡು.

ಮಧ್ಯಾಹ್ನ ಮೂರಕ್ಕೆ ಗಾಜಿನ ಹಲಗೆಯೊಳಗೆ ಪಟ್ಟಿ ಹಾಕಿದರು. ನಾನು ಕೆಳಗಿನಿಂದ ಓದಿದೆ, ನಮ್ಮ ಮನೆತನದಲ್ಲಿ ಅದೇ ರೂಢಿ. ಕೆಳಗಿನಿಂದ ಎರಡನೆಯ ಹೆಸರು ಅಕ್ಕನದು: ಉತ್ತೀರ್ಣ. ಷರಾ ಕಾಲಮ್ಮಿನಲ್ಲಿ, “ಮೌನಗಳು ಪ್ರಾಯೋಗಿಕ ಸ್ವರೂಪದವು.” ನಾನು ಅದನ್ನು ನಾಲ್ಕು ಸಲ ಓದಿ ಗಾಜಿಗೆ ಹಣೆ ಹಚ್ಚಿ ನಿಂತೆ. ಅಕ್ಕ ಒಂದೇ ಸಲ ಓದಿದಳು, ಕೈಚೀಲ ಹೆಗಲಿಗೆ ಹಾಕಿದಳು, ಗ್ರಂಥಾಲಯದ ಬೀಗ ಹಾಕಿದೆಯೋ ನೋಡಿ ಬಂದಳು.

ಬಸ್ ಸ್ಟಾಪಿನ ತನಕ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ: “ಅಕ್ಕಾ, ಮುಂದೆ ಇನ್ನೊಂದು ಬರೆದ್ರೆ… ಹಾಳೆ ತಿರುಗಿಸೋಕೆ ನನ್ನನ್ನ ಕರೀತೀಯ ತಾನೆ?”

ಅಕ್ಕ ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದಳು:

“ಕರೀತೀನಿ. ಒಂದೇ ಪುಟದ್ದು ಬರೀತೀನಿ.”